ಹುಲ್ಲು ತುಂಬಿದ ಗಂಟೆ

ಒಂದು ಕಾಡಿನಲ್ಲಿ ಒಂದು ಗಂಟೆ ಇತ್ತು. ಕಾಡಿಗೆ ಗಂಟೆ ಎಲ್ಲಿಂದ ಬಂತು ಎಂದು ಕೇಳಬೇಡಿ. ಯಾವ ಕಾಲದಲ್ಲೋ ಯಾವುದೋ ಗಾಡಿಯಿಂದ ಬಿದ್ದದ್ದು. ಅಂಗೈಯಗಲದ ಕಂಚಿನ ಗಂಟೆ, ಅದಕ್ಕೊಂದು ನಾರಿನ ಹಗ್ಗ. ಕಾಡಿನವರಿಗೆ ಅದಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿರಲಿಲ್ಲ.

ಬೇಸಗೆಯಲ್ಲಿ ಹುಲ್ಲು ಒಣಗಿ ಎಲ್ಲಾದರೂ ಬೆಂಕಿ ಕಂಡರೆ, ಆ ಗಂಟೆ ಕಟ್ಟಿಕೊಂಡ ಕುದುರೆ ಗುಡ್ಡದ ತುದಿಯಿಂದ ಹೊಳೆಯವರೆಗೆ ಓಡಬೇಕು. ಸದ್ದು ಕೇಳಿದ್ದೇ ತಡ, ಮೊಲ, ಮುಳ್ಳುಹಂದಿ, ಕಾಡುಕೋಳಿ ಎಲ್ಲರೂ ಮರಿಗಳನ್ನು ಎಬ್ಬಿಸಿಕೊಂಡು ಬಿಲ ಪೊದೆಗಳಿಂದ ಹೊರಗೆ ಬಂದು, ಹೊಳೆಯ ನಡುವಿನ ಮರಳದಿಣ್ಣೆ ಸೇರುತ್ತಿದ್ದರು. ಹಾಗೆ ಎಷ್ಟೋ ಬೇಸಗೆಗಳು ಕಳೆದಿದ್ದವು.

ಕುದುರೆಯನ್ನು ಓಟಕ್ಕೆ ಸಿದ್ಧ ಮಾಡುವ ಕೆಲಸ ಒಬ್ಬ ಮುದಿ ಕತ್ತೆಯದು. ಅವನನ್ನು ಎಲ್ಲರೂ ಬೂದಜ್ಜ ಎನ್ನುತ್ತಿದ್ದರು. ಹಿಂದೆ ಕಣಗಿಲೆ ಎಂಬ ಕುದುರೆ ಗಂಟೆ ಕಟ್ಟಿಕೊಂಡು ಓಡುತ್ತಿದ್ದಾಗ ಅಜ್ಜನ ಕಾಲು ಗಟ್ಟಿಯಾಗಿತ್ತು. ಅವಳು ಓಡಿದ ಹಿಂದೆಯೇ ತಾನೂ ದಡಬಡನೆ ಗುಡ್ಡ ಇಳಿದು ದಿಣ್ಣೆ ಸೇರುತ್ತಿದ್ದ. ಈಗ ಕಣಗಿಲೆ ಇಲ್ಲ. ಅವಳ ಮಗಳು ಗರಿಕೆ ಇದ್ದಾಳೆ. ಅಜ್ಜನ ಕಾಲಿಗೆ ವಾಯು ಬಡಿದಿದೆ, ಬಾಯಲ್ಲಿ ಮುಂದಿನ ಎರಡೇ ಹಲ್ಲು ಉಳಿದಿವೆ, ಅವೂ ಅಲುಗಾಡುತ್ತಿವೆ.

ಗರಿಕೆಯ ಓಟ ಅಮ್ಮನ ಓಟದಷ್ಟೇ ಚೆಂದ. ಆದರೆ ಎಲೆ ಬಿದ್ದರೂ ಬೆಚ್ಚುವ ಜೀವ. ಕಳೆದ ಮಳೆಗಾಲದ ಮೊದಲ ವಾರ ಅವಳು ಗಂಟೆ ಕಟ್ಟಿಕೊಂಡು ಓಟ ಕಲಿಯುತ್ತಾ ಹಳ್ಳ ದಾಟುವಾಗ ಜಾರಿ ಬಿದ್ದಳು. ಮುಂಗಾಲು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಎದ್ದೇಳಲು ಒದ್ದಾಡಿದಷ್ಟೂ ಕೊರಳಿನ ಗಂಟೆ ಕಿವಿಯ ಹತ್ತಿರವೇ ಗಣಗಣ ಬಡಿದುಕೊಂಡಿತು. ಆರು ತಿಂಗಳಲ್ಲಿ ಕಾಲು ವಾಸಿಯಾಯಿತು. ಆ ಸದ್ದು ಮಾತ್ರ ತಲೆಯಿಂದ ಹೋಗಲಿಲ್ಲ.

ಚಳಿ ಮುಗಿಯುತ್ತಾ ಬಂತು. ಮುತ್ತುಗದ ಮರ ಮೊಗ್ಗು ಬಿಟ್ಟಿತ್ತು. ಅದು ಅರಳಿದರೆ ಬೆಂಕಿಯ ಕಾಲ. ಅಷ್ಟರೊಳಗೆ ಗರಿಕೆ ಸಿದ್ಧವಾಗದಿದ್ದರೆ ಬಿಲದೊಳಗಿನ ಮರಿಗಳ ಗತಿಯೇನು? ಬೂದಜ್ಜನಿಗೆ ಅದೇ ಚಿಂತೆ.

ಅವನು ಕಣಗಿಲೆಗೆ ಮಾಡಿದ್ದನ್ನೇ ಮಗಳಿಗೂ ಮಾಡಿದ. ಗಂಟೆಯೊಳಗೆ ಒಣಹುಲ್ಲನ್ನು ಗಿಡಿದು ತುಂಬಿದ. ಆಗ ಗಂಟೆ ಬಾಯಿಮುಚ್ಚಿಕೊಂಡಿತು. ಅದನ್ನು ಗರಿಕೆಯ ಕೊರಳಿಗೆ ಹಾಕಿ, ಹಗ್ಗಕ್ಕೆ ತನ್ನ ಎರಡು ಹಲ್ಲಿನಲ್ಲೇ ಗಂಟು ಹಾಕಿದ. ಅದು ಅವನೊಬ್ಬನಿಗೇ ಗೊತ್ತಿದ್ದ ಗಂಟು. ಜಗ್ಗಿದಷ್ಟೂ ಬಿಗಿಯುತ್ತದೆ, ಹಿಂದಕ್ಕೆ ನೂಕಿದರೆ ಮಾತ್ರ ಸಡಿಲವಾಗುತ್ತದೆ.

"ದಿನಕ್ಕೆ ನಾಲ್ಕೇ ಎಳೆ ಹುಲ್ಲು ತೆಗೀತೀನಿ" ಎಂದ ಅಜ್ಜ. "ಸದ್ದು ಒಂದೊಂದೇ ಹೆಜ್ಜೆ ವಾಪಸ್ ಬರ್ಲಿ. ನೀನೂ ಹಾಗೇ ಬಾ."

"ಎಷ್ಟು ದಿನ ಬೇಕಾಗತ್ತೆ ಅಜ್ಜ?"

"ನಿಮ್ಮಮ್ಮನಿಗೆ ಒಂದು ತಿಂಗಳು ಹಿಡೀತು. ಅವಳೂ ನಿನ್ನ ಹಾಗೇ ಪುಕ್ಕಲಿ."

ಅಮ್ಮನೂ ಪುಕ್ಕಲಿ ಎಂಬ ಮಾತನ್ನು ಗರಿಕೆ ನಂಬಲಿಲ್ಲ. ಮಕ್ಕಳು ನಂಬುವುದೂ ಇಲ್ಲ ಬಿಡಿ.

ಇದನ್ನೆಲ್ಲ ಪೊದೆಯ ಮರೆಯಿಂದ ಸೋಗಪ್ಪ ಎಂಬ ನರಿ ನೋಡುತ್ತಿದ್ದ. ಅವನ ಲೆಕ್ಕಾಚಾರವೇ ಬೇರೆ. ಗಂಟೆ ಕೇಳಿದರೆ ಮೊಲಗಳು ಮರಿಗಳ ಸಮೇತ ಹೊರಗೆ ಬರುತ್ತವೆ. ಹಾಗಾದರೆ ಗಂಟೆ ತನ್ನ ಕೊರಳಲ್ಲೇ ಇದ್ದರೆ? ಬಿಲದ ಮುಂದೆ ಕೂತು ಒಂದು ಸಲ ತಲೆ ಅಲ್ಲಾಡಿಸಿದರೆ ಸಾಕು, ಊಟ ತಾನಾಗಿ ನಡೆದುಕೊಂಡು ಬರುತ್ತದೆ. ನೆನೆಸಿಕೊಂಡೇ ಅವನ ಬಾಯಲ್ಲಿ ನೀರೂರಿತು.

ಮೂರನೆಯ ದಿನ ಮಧ್ಯಾಹ್ನ ಅಜ್ಜ ತೂಕಡಿಸುತ್ತಿದ್ದಾಗ ಸೋಗಪ್ಪ ಗರಿಕೆಯ ಹತ್ತಿರ ಬಂದ.

"ಏನು ತಂಗಿ, ಇನ್ನೂ ನಡಿಗೆಯೇ? ಕೂಸಿಗೆ ಗಂಜಿ ಕುಡಿಸಿದ ಹಾಗೆ ನಾಲ್ಕು ನಾಲ್ಕು ಎಳೆ ತೆಗೀತಿದಾನಂತೆ ಮುದುಕ."

"ಅಜ್ಜ ಹೇಳಿದ ಹಾಗೆ ಮಾಡ್ತಿದೀನಿ" ಎಂದಳು ಗರಿಕೆ.

"ಮಾಡು ಮಾಡು. ನಿಮ್ಮಮ್ಮನ ಓಟ ನಾನು ಕಣ್ಣಾರೆ ನೋಡಿದೀನಿ. ಅವಳಾಗಿದ್ರೆ ಇಷ್ಟೊತ್ತಿಗೆ ಹೊಳೆ ಮುಟ್ಟಿ ಬಂದಿರ್ತಿದ್ಲು. ಮಗಳು ಹೀಗೆ ಹುಲ್ಲು ಕಟ್ಟಿಕೊಂಡು ಓಡಾಡೋದು ನೋಡಿದ್ರೆ ಪಾಪ ಏನಂತಿದ್ಲೋ."

ಈ ಮಾತು ಗರಿಕೆಗೆ ನಾಟಿತು. ಅವಳು ಕೊರಳು ಬಗ್ಗಿಸಿ, "ಹಾಗಾದ್ರೆ ನೀನೇ ತೆಗಿ, ಎಲ್ಲಾನೂ" ಎಂದಳು.

ಸೋಗಪ್ಪ ಬಾಯಿ ಹಾಕಿ ಹುಲ್ಲನ್ನೆಲ್ಲ ಒಂದೇ ಸಲಕ್ಕೆ ಎಳೆದ. ಗಂಟೆ ಠಣ್ ಎಂದಿತು. ಗರಿಕೆ ಬೆಚ್ಚಿ ಮುಂಗಾಲೆತ್ತಿದಳು. ಹಳ್ಳ, ಕಲ್ಲು, ಸಿಕ್ಕಿಕೊಂಡ ಕಾಲು ಎಲ್ಲ ಒಟ್ಟಿಗೇ ನೆನಪಾಯಿತು. ಅವಳು ಮುಳ್ಳು ಪೊದೆ ಒಂದನ್ನೂ ನೋಡದೆ ನುಗ್ಗಿದಳು. ಓಡಿದಷ್ಟೂ ಗಂಟೆ ಬಡಿಯಿತು, ಬಡಿದಷ್ಟೂ ಓಡಿದಳು. ಕೊನೆಗೆ ತಗ್ಗಿದ ಕೊಂಬೆಯೊಂದು ಗಂಟನ್ನು ಹಿಂದಕ್ಕೆ ನೂಕಿತು, ಸಡಿಲವಾದ ಹಗ್ಗ ತಲೆಯ ಮೇಲಿಂದ ಜಾರಿ ಕಳಚಿತು. ಗಂಟೆ ನೆಲಕ್ಕೆ ಬಿತ್ತು.

ಹಿಂದೆಯೇ ಬಂದ ಸೋಗಪ್ಪ ಅದರ ಹಗ್ಗದೊಳಗೆ ತಲೆ ತೂರಿಸಿದ. ಕುದುರೆಯ ಕೊರಳಿನ ಅಳತೆಯ ಹಗ್ಗ ನರಿಗೆ ಸಡಿಲವಾಯಿತು. ಕಾಲಲ್ಲಿ ಮೆಟ್ಟಿ ಹಿಡಿದು ಚೆನ್ನಾಗಿ ಜಗ್ಗಿ ಬಿಗಿ ಮಾಡಿಕೊಂಡ. ಅವನು ಮಾಡಿದ ದೊಡ್ಡ ತಪ್ಪು ಅದೇ.

ಬೂದಜ್ಜ ಕುಂಟುತ್ತಾ ಹುಡುಕಿಕೊಂಡು ಹೋದಾಗ ಗರಿಕೆ ಹಳ್ಳದ ದಡದಲ್ಲಿ ನಿಂತು ನಡುಗುತ್ತಿದ್ದಳು. ಮೈತುಂಬ ಗೀರು, ಬಾಯಲ್ಲಿ ನೊರೆ. ಅಜ್ಜನಿಗೆ ಸಿಟ್ಟೂ ಬಂತು, ಅಳುವೂ ಬಂತು. ಆರು ತಿಂಗಳ ಆರೈಕೆ ಒಂದು ಗಳಿಗೆಯಲ್ಲಿ ನೀರು ಪಾಲಾಗಿತ್ತು.

"ನನ್ನಿಂದ ಆಗಲ್ಲ ಅಜ್ಜ. ಇನ್ನು ಗಂಟೆ ಮಾತೇ ಎತ್ತಬೇಡ."

ಬೈಯಬೇಕೆಂದಿದ್ದ ಅಜ್ಜ ಅವಳ ಕಣ್ಣು ನೋಡಿ ಪಕ್ಕಕ್ಕೆ ಬಂದು ನಿಂತ. ಆಮೇಲೆ ಹೇಳಿದ. "ಎತ್ತಲ್ಲ. ನಡೆಯೋಣ ಬಾ, ಅಷ್ಟೇ."

ಅವರು ನಡೆದರು. ಮರುದಿನವೂ ನಡೆದರು. ಗಂಟೆಯಿಲ್ಲ, ಓಟವಿಲ್ಲ. ಅಜ್ಜನ ಕುಂಟು ಹೆಜ್ಜೆಗೆ ಗರಿಕೆ ತನ್ನ ಹೆಜ್ಜೆ ತಗ್ಗಿಸಿಕೊಂಡಳು. ಅಜ್ಜ ದಾರಿಯುದ್ದಕ್ಕೂ ಹಳೆಯದನ್ನು ಹೇಳಿದ. "ಇಗೋ, ಈ ಬೂರುಗದ ಮರದ ಹತ್ರ ನಿಮ್ಮಮ್ಮ ಮೊದಲನೇ ದಿನ ಗಂಟೆಗೆ ಹೆದರಿ ನನ್ನನ್ನೇ ಒದ್ದಿದ್ಲು. ಈ ಪಕ್ಕೇಲಿ, ನೋಡು, ಮಳೆ ಬರೋ ದಿನ ಈಗ್ಲೂ ನೋಯುತ್ತೆ." ಹೇಳುತ್ತಾ ಅವನ ಮುಖ ಅರಳಿತು. ಆ ಒದೆಯನ್ನು ಅವನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದ.

ಪಕ್ಕೆಯಲ್ಲಿದ್ದ ಆ ಒದೆಯ ಗುರುತನ್ನು ಗರಿಕೆ ಮೂತಿಯಿಂದ ಮುಟ್ಟಿ ನೋಡಿದಳು. ಅಮ್ಮನೂ ಹೆದರಿದ್ದಳು ಎಂಬುದನ್ನು ಆವತ್ತು ನಂಬಿದಳು.

ಅತ್ತ ಸೋಗಪ್ಪನ ಕಥೆ ಕೇಳಿ. ಅವನು ಬೆಳ್ಳಕ್ಕ ಎಂಬ ಮುದಿ ಮೊಲದ ಬಿಲದ ಮುಂದೆ ಕೂತು ಗಣಗಣ ತಲೆ ಅಲ್ಲಾಡಿಸಿದ. ಮರಿಗಳು ಎದ್ದು ನಿಂತವು.

"ಅಮ್ಮಾ, ಗಂಟೆ."

"ಕೂತ್ಕೊಳ್ಳಿ ಸುಮ್ನೆ" ಎಂದಳು ಬೆಳ್ಳಕ್ಕ. "ಇದು ಬರೀ ಗಂಟೆ ಸದ್ದು. ಓಟದ ಸದ್ದಲ್ಲ." ಅವಳು ಹಿಂಗಾಲಿನಿಂದ ನೆಲ ತಟ್ಟಿ ತೋರಿಸಿದಳು. "ಠಣಕು ಠಣ, ಠಣಕು ಠಣ. ಕುದುರೆ ಕಾಲು ಹೀಗೆ ಬೀಳುತ್ತೆ. ನಮ್ಮಜ್ಜಿ ನನ್ನನ್ನ ಹೀಗೇ ತಟ್ಟಿ ಮಲಗಿಸ್ತಿದ್ಲು. ಹೊರಗೆ ಯಾರೋ ತಲೆ ಕೆರ್ಕೊಳ್ತಿದಾರೆ."

ಸೋಗಪ್ಪನ ಬೇಳೆ ಬೇಯಲಿಲ್ಲ. ಯಾವ ಬಿಲದ ಮುಂದೆಯೂ ಬೇಯಲಿಲ್ಲ. ಹೋಗಲಿ, ಹಳೆಯ ಹಾಗೆ ಬೇಟೆಯಾಡೋಣವೆಂದು ಮೆಲ್ಲಗೆ ಹೆಜ್ಜೆಯಿಟ್ಟರೆ ಕೊರಳಿನ ಗಂಟೆ ಇಡೀ ಕಾಡಿಗೆ ಸುದ್ದಿ ಮುಟ್ಟಿಸಿತು. ಕೋಳಿ ಹಾರಿತು, ಇಲಿ ತೂರಿತು, ಕಪ್ಪೆ ಕೂಡ ನೀರಿಗೆ ಧುಮುಕಿತು. ಗಂಟೆ ತೆಗೆಯಲು ಜಗ್ಗಿದ, ಗಂಟು ಇನ್ನಷ್ಟು ಬಿಗಿಯಿತು. ಅದನ್ನು ಬಿಚ್ಚಬಲ್ಲವನು ಬೂದಜ್ಜನೊಬ್ಬನೇ. ಅವನ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಮೊದಲ ದಿನ ಸೋಗಪ್ಪ ದೂರದ ಗುಡ್ಡದಲ್ಲೇ ಉಳಿದ. ಹಸಿವು ಹೆಚ್ಚಿದಂತೆ ನಾಚಿಕೆ ಕಡಿಮೆಯಾಯಿತು. ದಿನಕ್ಕೊಂದಿಷ್ಟು ಹತ್ತಿರ ಬರತೊಡಗಿದ.

ದೂರದ ಗುಡ್ಡದಿಂದ ಸದ್ದು ಕೇಳಿದಾಗ ಗರಿಕೆಯ ಮೈ ಬೆವರಿತು. ಅಜ್ಜ ಅದನ್ನು ಕೇಳಿಸಿಕೊಳ್ಳದವನ ಹಾಗೆ ನಡೆದ. ಗಂಟೆ ಕೈಬಿಟ್ಟ ನಾಲ್ಕನೆಯ ದಿನ ಸದ್ದು ಬಿದಿರುಮೆಳೆಯ ಆಚೆಯಿಂದ ಬಂತು. ಗರಿಕೆ ಕಿವಿ ನಿಮಿರಿಸಿದಳು, ಆದರೆ ಓಡಲಿಲ್ಲ. ಎಂಟನೆಯ ದಿನ ಬೂರುಗದ ಮರದ ಹಿಂದೆಯೇ ಗಂಟೆ ಕ್ಷೀಣವಾಗಿ ಅಲುಗಿತು. ಗರಿಕೆ ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಮೇಯತೊಡಗಿದಳು. ಬೂದಜ್ಜ ಒಳಗೊಳಗೇ ನಕ್ಕ. ತಾನು ತಿಂಗಳಿಡೀ ಎಳೆ ಎಣಿಸಿ ಮಾಡಬೇಕಿದ್ದ ಕೆಲಸವನ್ನು ನರಿಯ ಹೊಟ್ಟೆ ಮಾಡುತ್ತಿತ್ತು.

ಹತ್ತನೆಯ ದಿನ ಬೆಳಗ್ಗೆ ಮುತ್ತುಗ ಅರಳಿತ್ತು. ಸೋಗಪ್ಪ ತೆವಳುತ್ತಾ ಬಂದು ಅಜ್ಜನ ಕಾಲಬುಡದಲ್ಲಿ ಬಿದ್ದ. ಎಲುಬು ಎಣಿಸಬಹುದಿತ್ತು.

"ತಪ್ಪಾಯ್ತಜ್ಜ. ಇದೊಂದು ಬಿಚ್ಚಿಬಿಡು."

ಅಜ್ಜ ಬಾಗಿದ. ಗಂಟಿಗೆ ಹಲ್ಲು ತಾಗಿಸಿ ನೂಕಿದ. ಒಂದು ಹಲ್ಲು ಕಳಚಿ ಹುಲ್ಲಿನಲ್ಲಿ ಬಿತ್ತು. ಅವನು ಅದನ್ನೇ ನೋಡುತ್ತಾ ನಿಂತ. ಅಷ್ಟರಲ್ಲಿ ಮೂಡಣದ ಗುಡ್ಡದ ಮೇಲೆ ಹೊಗೆಯ ಎಳೆಯೊಂದು ಎದ್ದಿತು.

ಮೂವರೂ ನೋಡಿದರು. ಸೋಗಪ್ಪ ಹೆದರಿ ನಡುಗಿದ, ಗಂಟೆಯೂ ನಡುಗಿತು.

"ಗರಿಕೆ, ಇದು ನಿನ್ನ ಹಲ್ಲಿನ ಕೆಲಸ" ಎಂದ ಅಜ್ಜ. "ಜಗ್ಗಬೇಡ. ಹಿಂದಕ್ಕೆ ನೂಕು."

ಗರಿಕೆ ಬಂದಳು. ಗಂಟೆ ಅವಳ ಮೂಗಿಗೆ ತಾಗಿ ಸದ್ದು ಮಾಡಿತು. ಅವಳ ತೊಗಲು ಒಮ್ಮೆ ಅದುರಿತು. ಕಾಲು ಕೀಳಲಿಲ್ಲ. ಹಲ್ಲಿನಲ್ಲಿ ಗಂಟನ್ನು ಹಿಡಿದು ಹಿಂದಕ್ಕೆ ನೂಕಿದಳು, ಇನ್ನೊಮ್ಮೆ ನೂಕಿದಳು. ಹಗ್ಗ ಸಡಿಲವಾಯಿತು. ಸೋಗಪ್ಪ ತಲೆ ಹೊರಗೆಳೆದುಕೊಂಡು ಹೊಳೆಯ ಕಡೆ ಓಟ ಕಿತ್ತ. ಅಜ್ಜ ಹಗ್ಗವನ್ನು ಮೂತಿಯಿಂದ ಎತ್ತಿ ಹಿಡಿದ. ಅವಳು ತಾನಾಗಿ ಕೊರಳು ತೂರಿಸಿದಳು. ಅಜ್ಜ ಅಭ್ಯಾಸಬಲದಿಂದ ಸುತ್ತಲೂ ಒಣಹುಲ್ಲು ಹುಡುಕಿದ.

"ಹುಲ್ಲು ಬೇಡ ಅಜ್ಜ" ಎಂದಳು ಗರಿಕೆ.

ಅವಳು ಓಡಿದಳು. ಬೂದಜ್ಜ ಕಣ್ಣು ಮುಚ್ಚಿ ಕೇಳಿಸಿಕೊಂಡ. ಠಣಕು ಠಣ, ಠಣಕು ಠಣ. ಈಗ ಬಿದಿರುಮೆಳೆ ದಾಟಿದಳು. ಈಗ ಬೆಳ್ಳಕ್ಕನ ಬಿಲ. ಈಗ ಹಳ್ಳ. ಹಳ್ಳದಲ್ಲಿ ಸದ್ದು ಒಂದು ಕ್ಷಣ ನಿಂತಿತು. ಅಜ್ಜನ ಉಸಿರೂ ನಿಂತಿತು. ಆಮೇಲೆ ಮತ್ತೆ, ಠಣಕು ಠಣ. ಎಷ್ಟೋ ಬೇಸಗೆಗಳ ಹಿಂದಿನ ಅದೇ ಸದ್ದು. ಕಣ್ಣು ಮುಚ್ಚಿದ್ದರೆ ಓಡುತ್ತಿರುವುದು ಕಣಗಿಲೆಯೋ ಗರಿಕೆಯೋ ತಿಳಿಯುತ್ತಿರಲಿಲ್ಲ. ಅಜ್ಜ ಅಳುತ್ತಿದ್ದ. ಅಳಲು ಅವನಿಗೆ ನಾಚಿಕೆಯಾಗಲಿಲ್ಲ.

ಹೊಗೆ ದಟ್ಟವಾಯಿತು. ಅಜ್ಜ ನಾಲ್ಕು ಹೆಜ್ಜೆ ಇಟ್ಟು ನಿಂತ. ಕಾಲು ಏಳಲಿಲ್ಲ. ಮರಿಗಳು ದಿಣ್ಣೆ ಸೇರಿದವಲ್ಲ, ತನ್ನ ಕೆಲಸ ಮುಗಿಯಿತು ಎಂದುಕೊಂಡು ಬೂರುಗದ ಬುಡದಲ್ಲಿ ಕೂತ.

ಆಗ ಗಂಟೆಯ ಸದ್ದು ಮತ್ತೆ ಕೇಳಿತು. ಅದು ದೂರ ಹೋಗುತ್ತಿರಲಿಲ್ಲ, ಹತ್ತಿರ ಬರುತ್ತಿತ್ತು. ಗರಿಕೆ ಏದುಸಿರು ಬಿಡುತ್ತಾ ಬಂದು ಅವನ ಪಕ್ಕ ನಿಂತಳು.

"ನೀನ್ಯಾಕೆ ಬಂದೆ? ನನ್ನ ಕೈಲಿ ಓಡೋಕಾಗಲ್ಲ ಮಗಳೇ."

"ಓಡು ಅಂದವರ್ಯಾರು?" ಎಂದಳು ಗರಿಕೆ. ಅವನ ಪಕ್ಕೆಯ ಹಳೇ ಗುರುತಿಗೆ ತನ್ನ ಹೆಗಲು ಒತ್ತಿ ನಿಂತಳು. "ನಡೆಯೋಣ ಬಾ, ಅಷ್ಟೇ."

ಅವರು ನಡೆದೇ ಹೊಳೆ ಸೇರಿದರು. ಸೋಗಪ್ಪನೂ ದಿಣ್ಣೆಯ ತುದಿಯಲ್ಲಿ ಒದ್ದೆಯಾಗಿ ಕೂತಿದ್ದ. ಹಗ್ಗ ಉಜ್ಜಿ ಅವನ ಕೊರಳಿನ ಕೂದಲು ಬಳೆಯ ಹಾಗೆ ಸುತ್ತಲೂ ಉದುರಿತ್ತು. ಅದು ಮತ್ತೆ ಬೆಳೆಯಲೇ ಇಲ್ಲ. ಬೆಳ್ಳಕ್ಕನ ಮರಿಗಳು ಆ ಗುರುತನ್ನು ದೂರದಿಂದಲೇ ನೋಡಿ ಬಿಲ ಸೇರುವುದನ್ನು ಕಲಿತವು.

ನೀತಿ: ಹೆದರಿದವರನ್ನು ಕೆಣಕಿ ಓಡಿಸಬೇಡಿ, ಪಕ್ಕದಲ್ಲಿ ನಿಧಾನವಾಗಿ ನಡೆಯಿರಿ, ಅವರು ತಾವಾಗಿ ಮರಳಿ ಬರುತ್ತಾರೆ. ಇನ್ನೊಬ್ಬರ ಕೆಲಸವನ್ನು ಮೋಸದಿಂದ ಕಿತ್ತುಕೊಂಡವರಿಗೆ ಅದರ ಭಾರವಷ್ಟೇ ಉಳಿಯುತ್ತದೆ.