ತಲೆಯಿಲ್ಲದ ನವಿಲು

ಕಾಗೆ ತನ್ನ ಅಂಗಡಿಯಲ್ಲಿ ಕಡಲೆಕಾಯಿಯನ್ನು ಹಳೆಯ ಅಚ್ಚಿನ ಚಿತ್ರಗಳಲ್ಲಿ ಕಟ್ಟಿಕೊಡುತ್ತಿತ್ತು. ಅಳಿಲು ದಿನವೂ ಒಂದು ಪೊಟ್ಟಣ ಕೊಂಡು, ಚಿತ್ರವನ್ನು ಬಾಲದಿಂದ ನೀವಿ, ಪೊಟರೆಯ ಗೋಡೆಗೆ ಅಂಟಿಸಿ, ನೋಡಿ ನೋಡಿ ಹಿಗ್ಗುತ್ತಿತ್ತು. ಒಂದು ದಿನ ಪೊಟ್ಟಣ ಬಿಚ್ಚಿದರೆ, ಕತ್ತಿನ ಬಳಿ ಹರಿದ ನವಿಲು. ಅಳಿಲು ಅದನ್ನು ಹಿಡಿದೇ ಅಂಗಡಿಗೆ ಓಡಿತು.

“ಕಾಗೆಯಣ್ಣ, ಇದರ ತಲೆ ಎಲ್ಲಿ?”

“ನಾಳೆಯ ಪೊಟ್ಟಣದಲ್ಲಿದೆ, ತಂಗಿ. ಕಾಗದ ಉಳಿಸಲು ಹರಿದಿದ್ದೆ. ನೀನು ಬರುವುದು ಚಿತ್ರಕ್ಕೆಂದು ಈಗ ತಿಳಿಯಿತು. ಇನ್ನು ಮೇಲೆ ಎಲ್ಲವನ್ನೂ ಎರಡಾಗಿ ಹರಿದೇ ಕಟ್ಟುತ್ತೇನೆ; ಒಂದು ಚಿತ್ರಕ್ಕೆ ನೀನು ಎರಡು ಪೊಟ್ಟಣ ಕೊಳ್ಳಬೇಕು.”

ಅಳಿಲಿಗೆ ಮೈಯೆಲ್ಲ ಉರಿಯಿತು. “ಕೇಳಿದ್ದರೆ ಇಡೀ ಚಿತ್ರಕ್ಕೆ ಎರಡರಷ್ಟು ಬೆಲೆ ಕೊಡುತ್ತಿದ್ದೆ. ಹರಿದದ್ದನ್ನು ಇನ್ನು ಯಾರು ಕೂಡಿಸುತ್ತಾರೆ?” ಎಂದು ಕಡಲೆಕಾಯಿಯನ್ನು ಕಾಗೆಯ ಮುಂದೆ ಸುರಿದು ಹೊರಟಿತು. ಆ ನವಿಲಿನ ತಲೆಗಾಗಿಯೂ ಮತ್ತೆ ಅತ್ತ ಸುಳಿಯಲಿಲ್ಲ.

ಕಾಗೆ ಮಾತ್ರ, ಅಳಿಲು ಬಂದೇ ಬರುತ್ತದೆಂದು ನಂಬಿ, ಉಳಿದ ಚಿತ್ರಗಳನ್ನೂ ಹರಿಯುತ್ತಾ ಕುಳಿತಿತ್ತು.