ಬಿಲ್ಲು ಇಳಿಸಿದ ಹೋಳಿಗೆ

ರಿಟೈರ್ಡ್ ತಹಸೀಲ್ದಾರ್ ಚನ್ನವೀರಪ್ಪನವರು ಅಡುಗೆಯ ರುದ್ರಮ್ಮನಿಗೆ ಆರ್ಡರ್ ಹೊರಡಿಸಿದ್ರು. "ನೀನು ಕೊಡೋ ಪಟ್ಟಿ ಹಿಡಿದು ಸೂಪರ್ ಮಾರ್ಕೆಟ್ಟಿಗೆ ಹೋದ್ರೆ ವಾರವಾರ ನಾಲ್ಕು ಸಾವಿರ ಆಗ್ತಿದೆ. ಈ ಸಲ ಅರ್ಧಕ್ಕಿಳೀಬೇಕು. ಇಲ್ಲಾಂದ್ರೆ ಬೇರೆ ಮನೆ ನೋಡ್ಕೋ."

"ಆಗ್ಲಿ ಸಾಹೇಬ್ರೇ. ಶನಿವಾರ ಬೇಡ, ಭಾನುವಾರ ಊಟ ಆದ್ಮೇಲೆ ಹೋಗೋಣ."

ಭಾನುವಾರ ಸಾಹೇಬ್ರು ಬೇಡ ಬೇಡ ಅಂದ್ರೂ ಐದು ಹೋಳಿಗೆ ಬಡಿಸಿ ತುಪ್ಪ ಸುರಿದಳು.

ಅಂಗಡೀಲಿ ಸಾಹೇಬ್ರು ಗೋಡಂಬಿ ಕಂಡ್ರು, ತೇಗಿದ್ರು. ಚಕ್ಕುಲಿ ಕಂಡ್ರು, ಮುಖ ತಿರುಗಿಸಿದ್ರು. ಬಿಲ್ಲು ಸಾವಿರದ ಇನ್ನೂರು.

ಬಿಲ್ಲು ಹಿಡಿದು ಗರ್ಭಗುಡಿ ಮುಂದೆ ನಿಂತವರ ಹಾಗೆ ನಿಂತುಬಿಟ್ರು. "ಅದೇ ಪಟ್ಟಿನಾ ರುದ್ರಮ್ಮ?"

"ಅದೇ ಪಟ್ಟಿ. ಶನಿವಾರ ನಿಮ್ಗೆ ಉಪವಾಸ ಅಲ್ವಾ ಸಾಹೇಬ್ರೇ, ಪಟ್ಟೀಲಿ ಇಲ್ಲದ್ದೆಲ್ಲ ಕಣ್ಣಿಗೆ ಬೀಳ್ತಿತ್ತು."

ಮೂವತ್ತು ವರ್ಷದ ಸರ್ವೀಸಲ್ಲಿ ಚೀಲ ಮುಟ್ಟದ ಸಾಹೇಬ್ರು, ಅವತ್ತು ಅವಳ ಕೈಯಿಂದ ಚೀಲ ಇಸ್ಕೊಂಡು ಹಿಂದೆ ಹಿಂದೆ ನಡೆದ್ರು.