ಹಳೇ ತೀರ್ಪು ಹಿಡಿದು ಹೊರಟ ಚಿಪ್ಪಣ್ಣ

ಕೇಳಿ ಮಕ್ಕಳೇ, ಒಂದು ಕಾಡಿನ ಕೆರೆಯ ದಂಡೆಯಲ್ಲಿ ಚಿಪ್ಪಣ್ಣ ಎಂಬ ಚಿಪ್ಪುಹಂದಿ ಒಳ್ಳೇ ಬಿಲ ತೋಡಿಕೊಂಡಿದ್ದ. ಇರುವೆ ಹುಡುಕಿಕೊಂಡು ಪಕ್ಕದ ಗುಡ್ಡಕ್ಕೆ ಹೋಗಿ ಬರುವಷ್ಟರಲ್ಲಿ ಮುಳ್ಳಕ್ಕ ಎಂಬ ಮುಳ್ಳುಹಂದಿ ಅದರೊಳಗೆ ಸೇರಿಬಿಟ್ಟಿದ್ದಳು.

ಜಗಳ ಆನೆಯಜ್ಜಿಯ ಹತ್ತಿರ ಹೋಯಿತು. ಆ ಕಾಡಿನಲ್ಲಿ ನ್ಯಾಯ ಹೇಳುವವಳು ಅವಳೇ.

"ತೋಡಿದವನದೇ ಬಿಲ. ಮುಳ್ಳಕ್ಕ, ನಾಳೆಯೇ ಬಿಟ್ಟುಕೊಡು" ಎಂದಳು ಅಜ್ಜಿ.

ಮುಳ್ಳಕ್ಕ ತುಂಬು ಬಸುರಿ. "ಚಿಪ್ಪಣ್ಣ, ಈ ಹೊಟ್ಟೆ ಹೊತ್ತುಕೊಂಡು ಎಲ್ಲಿಗೆ ಹೋಗಲಿ? ನನಗೊಂದು ಮೂಲೆ ಕೊಡು. ಬಾಗಿಲಲ್ಲಿ ನಾನು ಕಾವಲಿರುತ್ತೇನೆ. ಚಿರತೆ ನನ್ನ ಮುಳ್ಳು ದಾಟಿ ಬರಲಿ ನೋಡೋಣ!" ಎಂದು ಬೇಡಿಕೊಂಡಳು.

ಚಿರತೆ ಎಂದರೆ ಚಿಪ್ಪಣ್ಣನಿಗೆ ಜೀವ ಬಾಯಿಗೆ ಬರುತ್ತಿತ್ತು. "ಆಯ್ತು, ಕಾವಲು ಕಾಯುವವರೆಗೂ ಇಲ್ಲೇ ಇರು" ಎಂದ. ಇಬ್ಬರೂ ಕೆರೆಗೆ ಹೋಗಿ ಹಸಿ ಮಣ್ಣಿನಲ್ಲಿ ಪಕ್ಕಪಕ್ಕ ಹೆಜ್ಜೆ ಊರಿದರು. ರಾಜಿಯಾದರೆ ಹಾಗೆ ಮಾಡುವುದು ಅಲ್ಲಿಯ ಪದ್ಧತಿ.

ಮಳೆ ಬಂತು, ಹೆಜ್ಜೆ ಗುರುತು ಅಳಿಸಿತು. ಮುಳ್ಳಕ್ಕನಿಗೆ ಮರಿಯೂ ಹುಟ್ಟಿತು. ಅದರ ಕಿರುಚಾಟಕ್ಕೆ ಚಿಪ್ಪಣ್ಣನಿಗೆ ನಿದ್ದೆಯೇ ಇಲ್ಲ. 'ಗುರುತೇ ಇಲ್ಲ ಅಂದ ಮೇಲೆ ಯಾವ ರಾಜಿ?' ಎಂದುಕೊಂಡು, ನೋಡಿ ಇವನ ಬುದ್ಧಿ, ಯಾರಿಗೂ ಹೇಳದೆ ಸೀದಾ ಅಜ್ಜಿಯ ಹತ್ತಿರ ಹೋದ.

"ಅಜ್ಜಿ, ನಿಮ್ಮ ತೀರ್ಪಿಗೆ ಬೆಲೆಯೇ ಇಲ್ಲ. ಅವಳಿನ್ನೂ ಬಿಲ ಬಿಟ್ಟಿಲ್ಲ!" ಎಂದ. ರಾಜಿಯ ಮಾತು ಮಾತ್ರ ಎತ್ತಲಿಲ್ಲ.

ಅಜ್ಜಿಗೆ ಸಿಟ್ಟು ಬಂತು. ಬಿಲ ಬಿಡಿಸಿಕೊಡಲು ತಾನೇ ಹೊರಟು ಬಂದಳು. ಬಾಗಿಲಲ್ಲಿ ಮುಳ್ಳಕ್ಕ ಕೂತಿದ್ದಳು. ಬೆನ್ನಿನ ಮುಳ್ಳೆಲ್ಲ ಮುರಿದು ರಕ್ತ ಸುರಿಯುತ್ತಿತ್ತು.

"ಇದೇನೇ ಇದು?"

"ಈಗಷ್ಟೇ ಚಿರತೆ ಬಂದಿತ್ತು ಅಜ್ಜಿ. ಒಳಗೆ ನನ್ನ ಮರಿ ಇದೆ, ಚಿಪ್ಪಣ್ಣನೂ ಮಲಗಿದ್ದಾನೆ ಅಂತ ಬಾಗಿಲು ಬಿಡಲಿಲ್ಲ..." ಎನ್ನುತ್ತಲೇ ಅಜ್ಜಿಯ ಹಿಂದೆ ನಿಂತವನನ್ನು ಕಂಡಳು. "ಅಯ್ಯೋ ಅಣ್ಣ, ನೀನು ಹೊರಗಿದ್ದೆಯಾ? ಸದ್ಯ, ಚಿರತೆ ಕೈಗೆ ಸಿಗಲಿಲ್ಲವಲ್ಲ!"

"ಇವನಿಗೆ ನೀನ್ಯಾಕೆ ಕಾವಲು?"

"ನಾವಿಬ್ಬರೂ ರಾಜಿಯಾದಾಗ ಹಾಗೇ ಅಲ್ವಾ ಅಜ್ಜಿ ಮಾತಾಗಿದ್ದು? ಬಿಲದಲ್ಲಿ ನನಗೊಂದು ಮೂಲೆ, ಬಾಗಿಲಲ್ಲಿ ನನ್ನ ಕಾವಲು."

ಅಜ್ಜಿ ಚಿಪ್ಪಣ್ಣನ ಕಡೆ ತಿರುಗಿದಳು. "ರಾಜಿಯಾದ ದಿನವೇ ನನ್ನ ತೀರ್ಪನ್ನು ನೀನೇ ಕೈಬಿಟ್ಟೆ. ಇವಳು ಮಾತು ತಪ್ಪಿದ್ದರೆ ಬಂದು ಕೇಳಬಹುದಿತ್ತು. ತಪ್ಪಿದ್ದಾಳಾ?"

"ಇಲ್ಲ... ಆದರೆ ಮಳೆಗೆ ಹೆಜ್ಜೆ ಗುರುತೇ ಅಳಿಸಿತಲ್ಲ ಅಜ್ಜಿ."

"ಮಣ್ಣಿನ ಗುರುತು ಅಳಿಸಿದರೆ ಕೊಟ್ಟ ಮಾತೂ ಅಳಿಸುತ್ತದೇನೋ? ಬಿಲದಲ್ಲಿ ಇವಳೂ ಇರುತ್ತಾಳೆ."

ಚಿಪ್ಪಣ್ಣನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮುಳ್ಳಕ್ಕನ ಮುಖ ನೋಡಲಾರದೆ ಚೆಂಡಿನಂತೆ ಸುರುಳಿ ಸುತ್ತಿಕೊಂಡ. ಚಿರತೆ ಬಂದಾಗ ಮಾತ್ರ ಅವನು ಹಾಗೆ ಸುತ್ತಿಕೊಳ್ಳುತ್ತಿದ್ದ.

ಮರಿ ಹೊರಗೆ ಬಂದು ಅವನನ್ನು ಮೆಲ್ಲಗೆ ಮೂಸಿತು. "ಮಾವ, ಹೆದರಬೇಡ. ಚಿರತೆ ಹೋಯ್ತು. ಅಮ್ಮ ಬಾಗಿಲಲ್ಲೇ ಇದ್ದಾಳೆ" ಎಂದಿತು.

ಚಿಪ್ಪಣ್ಣ ಕತ್ತಲಾದರೂ ಬಿಚ್ಚಿಕೊಳ್ಳಲಿಲ್ಲ.

ನೀತಿ: ರಾಜಿಗೆ ಒಪ್ಪಿ ಅದರ ಫಲ ಉಂಡ ಮೇಲೆ, ಹಳೇ ತೀರ್ಪು ಹಿಡಿದು ಹೋದವನಿಗೆ ನಾಚಿಕೆಯೇ ಗತಿ.